ಒಂಬತ್ತಕ್ಕೆ ಮುಂಚೆ ಕಾರ್ಡು ಒತ್ತಬಾರದು

ನಮ್ಮ ಬೀದಿಯಲ್ಲಿ ಹಠಕ್ಕೆ ಹೆಸರಾದವನು ಬೆರೆಂಡ್. ಆದರೆ ನಾನು ಹೇಳಹೊರಟಿರುವುದು ಅವನ ಹೆಂಡತಿ ಹರ್ಮೀನಳ ವಿಷಯ. ಹಠಮಾರಿಯಾಗುವುದು ಸುಲಭ, ಹಠಮಾರಿಯ ಜೊತೆ ನಲವತ್ತಾರು ವರ್ಷ ಸಂಸಾರ ಮಾಡುವುದು ಸುಲಭವಲ್ಲ.

ಹರ್ಮೀನ್ ಹುಟ್ಟಿದ್ದು ನಮ್ಮ ವಿಂಟರ್ಸ್‌ವೈಕ್ ಊರಾಚೆ ದನ ಕಟ್ಟಿಕೊಂಡಿದ್ದವರ ಮನೆಯಲ್ಲಿ. ಹದಿನೈದು ತುಂಬಿದ್ದೇ ನೂಲಿನ ಗಿರಣಿ ಸೇರಿದಳು. ಗಿರಣಿ ಮುಚ್ಚಿತು. ಆಮೇಲೆ ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ನೆಲ ಒರೆಸಿದಳು, ನಮಗೆಲ್ಲ ಕಾಫಿ ಮಾಡಿಕೊಟ್ಟಳು. ಇಪ್ಪತ್ತೇಳು ವರ್ಷ ಅವಳ ಕಾಫಿ ಕುಡಿದ ನಾಲಿಗೆ ನನ್ನದು, ಹಾಗಾಗಿ ಅವಳ ಮೇಲೆ ತಪ್ಪು ಹೊರಿಸಲು ನನಗೆ ಬರುವುದಿಲ್ಲ. ಬೆರೆಂಡ್ ಮೂವತ್ತೆಂಟು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವನು. ರಜೆ ಬಂದರೆ ಕಾರು ತೆಗೆಯುತ್ತಿದ್ದವನು ಅವನು, ಎಲ್ಲಿಗೆ ಎಂದು ತೀರ್ಮಾನಿಸುತ್ತಿದ್ದವನೂ ಅವನೇ. ಹರ್ಮೀನ್ ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು. ಎಪ್ಪತ್ತಮೂರು ವರ್ಷವಾದರೂ ಒಂದು ರೈಲಿನ ಹೊತ್ತನ್ನು ತಾನಾಗಿ ನೋಡಿದವಳಲ್ಲ.

ಹೋದ ಶರತ್ಕಾಲದಲ್ಲಿ ಬೆರೆಂಡನ ಕಣ್ಣು ಕೈಕೊಟ್ಟಿತು. ಪೂರ್ತಿ ಕುರುಡಲ್ಲ. ನೋಟದ ನಡುಭಾಗಕ್ಕೆ ಮಂಜು ಕವಿದ ಹಾಗಾಯಿತು, ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ಎಪ್ಪತ್ತೈದು ದಾಟಿದವರಿಗೆ ಲೈಸೆನ್ಸ್ ಹೊಸದು ಮಾಡಿಸಲು ಡಾಕ್ಟರ ಚೀಟಿ ಬೇಕು, ಡಾಕ್ಟರು ಕೊಡಲಿಲ್ಲ. ಅಂದಿನಿಂದ ಬೆರೆಂಡ್ ಕಿಟಕಿಯ ಪಕ್ಕದ ಕುರ್ಚಿ ಹಿಡಿದವನು ಬಿಡಲಿಲ್ಲ. ಮಗಳು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರೂ ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೋಗಲಿಲ್ಲ.

"ಆಲೂಗೆಡ್ಡೆ ಮೂಟೆ ಥರ ನನ್ನನ್ನ ಯಾರೂ ಹೊತ್ಕೊಂಡು ಹೋಗೋದು ಬೇಡ," ಎಂದನಂತೆ.

ಮಾರ್ಚ್ ತಿಂಗಳಲ್ಲಿ ಒಂದು ದಿನ ಹರ್ಮೀನ್ ಹಿತ್ತಿಲ ಬಾಗಿಲಿಂದ ಪಕ್ಕದ ಮನೆಯವಳಾದ ನನ್ನ ಅಡುಗೆಮನೆಗೆ ಬಂದು, ಹೊಸ ಗೆರೆ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟಳು.

"ತ್ರೂಸ್, ರೈಲಲ್ಲಿ ಹೋಗೋದು ಹೇಗೆ ಅಂತ ನನಗೆ ಕಲಿಸು."

"ಎಲ್ಲಿಗೆ?"

"ಕಾಂಪನ್‌ಗೆ. ಒಂದು ದಿನಕ್ಕೆ. ನದಿ ಇದೆ, ಹಳೇ ಕೋಟೆಬಾಗ್ಲು ಇದೆ, ಸ್ಟೇಷನ್ನಿಂದ ಸೇತುವೆ ದಾಟಿದ್ರೆ ಊರು. ಅವನು ಜಾಸ್ತಿ ನಡೀಬೇಕಾಗಿಲ್ಲ."

"ಅವನು ಬರ್ತೀನಿ ಅಂದ್ನಾ?"

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಒಂದೇ ಸಲ ಅಂದ. ಒಂದು ಸಲ ಬರ್ತೀನಿ, ಆಮೇಲೆ ಎಲ್ಲಿಗಾದ್ರೂ ಬಾ ಅಂತ ನೀನು ನನ್ನ ಕೇಳಬಾರ್ದು ಅಂದ. ಆಗ್ಲಿ ಅಂದೆ. ಇದು ಕೆಟ್ರೆ ಅವನು ಆ ಕುರ್ಚೀಲೇ ಸಾಯ್ತಾನೆ ತ್ರೂಸ್. ಅವನನ್ನ ನೋಡ್ತಾ ನಾನೂ ಅಲ್ಲೇ ಸಾಯ್ತೀನಿ."

ನಗುನಗುತ್ತ ಮಾತಾಡುವ ಹೆಂಗಸು ಹೀಗೆಂದಳು. ನಮ್ಮ ಕಡೆ ಪಕ್ಕದ ಮನೆಯವರೆಂದರೆ ನೆಂಟರಿಗಿಂತ ಒಂದು ತೂಕ ಹೆಚ್ಚು. ಮನೆಯಲ್ಲಿ ಮಗು ಹುಟ್ಟಿದರೂ ಹೆಣ ಬಿದ್ದರೂ ಮೊದಲು ಬರಬೇಕಾದವರು ನಾವು. ನಾನೂ ಜೊತೆಗೆ ಬರುತ್ತೇನೆ ಎಂದೆ.

ಅಲ್ಲಿಂದ ಮುಂದೆ ಮೂರು ವಾರ ಅವಳು ನಡೆಸಿದ ತಯಾರಿಯನ್ನು ನೋಡಿದ್ದರೆ ದಂಡು ಹೊರಡಿಸುವ ಸೇನಾಪತಿಯೂ ನಾಚುತ್ತಿದ್ದ. ಗ್ರಂಥಾಲಯದಲ್ಲಿ ಮುದುಕರಿಗೆ ಫೋನು ಕಲಿಸುವ ತರಗತಿಗೆ ಸೇರಿದಳು. ಫೋನು ಹೇಳಿದ್ದನ್ನು ನಂಬದೆ ಸ್ಟೇಷನ್ನಿಗೆ ನಡೆದುಹೋಗಿ, ಅಲ್ಲಿನ ಹಲಗೆ ನೋಡಿ ತಾಳೆ ಹಾಕಿದಳು. ಝುಟ್‌ಫೆನ್‌ನಲ್ಲಿ ಒಂದು ಸಲ, ಝ್ವೊಲ್ಲೆಯಲ್ಲಿ ಇನ್ನೊಂದು ಸಲ ರೈಲು ಬದಲಿಸಬೇಕು. ಯಾವ ಪ್ಲಾಟ್‌ಫಾರಂ, ಮೆಟ್ಟಿಲೋ ಲಿಫ್ಟೋ, ಶೌಚಾಲಯ ಎಲ್ಲಿ, ಎಲ್ಲವೂ ಪುಸ್ತಕಕ್ಕೆ ಇಳಿಯಿತು. ರೈಲು ಕಂಪನಿ ಬದಲಾದ ಕಡೆ ಒಂದು ಯಂತ್ರದ ಕಂಬಕ್ಕೆ ಟಿಕೆಟ್ಟಿನ ಕಾರ್ಡು ಒತ್ತಿ ಹೊರಬಿದ್ದು ಇನ್ನೊಂದು ಕಂಬಕ್ಕೆ ಒತ್ತಿ ಒಳಬರಬೇಕು ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದಳು. ಹತ್ತೂವರೆಗೆ ಫ್ಲಾಸ್ಕಿನ ಕಾಫಿ, ತಲೆಗೊಂದು ಬಿಸ್ಕತ್ತು. ಹನ್ನೆರಡೂವರೆಗೆ ಬ್ರೆಡ್ಡು, ಎರಡು ಚೀಸಿನದು, ಒಂದು ಚಾಕೊಲೇಟ್ ಚೂರು ಉದುರಿಸಿದ್ದು.

ಪುಸ್ತಕದ ಮೊದಲ ಪುಟದಲ್ಲಿ ಮಾತ್ರ ದೊಡ್ಡ ಅಕ್ಷರದಲ್ಲಿ ಒಂದೇ ಸಾಲಿತ್ತು: ಒಂಬತ್ತಕ್ಕೆ ಮುಂಚೆ ಕಾರ್ಡು ಒತ್ತಬಾರದು. ಬೆಳಿಗ್ಗೆ ಒಂಬತ್ತಾದ ಮೇಲೆ, ಸಂಜೆ ನಾಲ್ಕರೊಳಗೆ ಒತ್ತಿದರೆ ನಮ್ಮ ಕಾರ್ಡಿಗೆ ರಿಯಾಯಿತಿ. ನಾಲ್ಕು ದಾಟಿತೋ, ಆರೂವರೆಯ ತನಕ ಪೂರ್ತಿ ದರ. ಈ ದೇಶದಲ್ಲಿ ಹುಟ್ಟಿದ ಯಾವ ಮುದುಕನೂ ಎಂಟು ಐವತ್ತೊಂಬತ್ತಕ್ಕೆ ಕಾರ್ಡು ಒತ್ತಿದ್ದನ್ನು ನಾನು ಕಂಡಿಲ್ಲ, ನಾನೂ ಒತ್ತಿಲ್ಲ.

"ಒಂಬತ್ತು ಎರಡಕ್ಕೆ ರೈಲು ಇದೆ," ಎಂದಳು ಹೆಮ್ಮೆಯಿಂದ. "ಒಂಬತ್ತಕ್ಕೆ ಒತ್ತೋದು, ಹತ್ತೋದು. ಒಂದು ನಿಮಿಷ ಕೂಡ ದಂಡ ಆಗಲ್ಲ."

ಮೇ ತಿಂಗಳ ಮಂಗಳವಾರ ಬಂತು. ಬೆರೆಂಡ್ ಮದುವೆಮನೆಗೆ ಹೊರಟವನಂತೆ ಕೋಟು ಹಾಕಿ, ಜೈಲಿಗೆ ಹೊರಟವನಂತೆ ಮುಖ ಮಾಡಿಕೊಂಡು ಬಂದ. ಹರ್ಮೀನ್ ತೋಳು ಕೊಟ್ಟರೆ ಹಿಡಿಯಲಿಲ್ಲ. ಎಂಟು ಐವತ್ತಕ್ಕೆ ನಾವು ಸ್ಟೇಷನ್ನಿನಲ್ಲಿದ್ದೆವು. ರೈಲು ಬಾಗಿಲು ತೆರೆದುಕೊಂಡು ನಿಂತೇ ಇತ್ತು. ಆದರೆ ಕಾರ್ಡಿನ ಕಂಬದ ಮುಂದೆ ನಮ್ಮಂಥವರೇ ಹನ್ನೊಂದು ಜನ ಬೆಳ್ಳಿಗೂದಲಿನವರು, ಬೆನ್ನಿಗೆ ಚೀಲ ಹಾಕಿಕೊಂಡು, ಗಡಿಯಾರ ನೋಡುತ್ತ ನಿಂತಿದ್ದರು. ಇನ್ನೊಂದು ಕಂಬ ಆ ದಿನ ಕೆಟ್ಟಿತ್ತು. ಹಾಲಿನ ಡಿಪೋ ತೆರೆಯುವುದನ್ನು ಕಾಯುವವರ ಹಾಗೆ ಎಲ್ಲರೂ ಸುಮ್ಮನೆ ಕಾದೆವು.

ಮುಳ್ಳು ಒಂಬತ್ತಕ್ಕೆ ಬಂತು. ಒಬ್ಬೊಬ್ಬರೇ ಒತ್ತತೊಡಗಿದರು. ಒಬ್ಬಾಕೆಯ ಕಾರ್ಡು ಚೀಲದ ತಳದಲ್ಲಿತ್ತು, ಅದು ಕೈಗೆ ಸಿಗುವಷ್ಟರಲ್ಲಿ ಒಂದು ನಿಮಿಷ ಹೋಯಿತು. ನಾನು ಒತ್ತಿದೆ, ಹರ್ಮೀನ್ ಒತ್ತಿದಳು. ಬೆರೆಂಡ್ ಒತ್ತಿದ, ಆದರೆ ಪರದೆಯ ಮೇಲಿನ ಅಕ್ಷರ ಅವನಿಗೆ ಕಾಣಲಿಲ್ಲ. ಆಗಿದೆಯೋ ಇಲ್ಲವೋ ಎಂದು ಇನ್ನೊಂದು ಸಲ ಒತ್ತಿದ. ಕಂಬ ಎರಡು ಸಲ ಕೂಗಿತು. ಕಾರ್ಡಿನ ಲೆಕ್ಕದಲ್ಲಿ ಒಳಬಂದವನು ಮತ್ತೆ ಹೊರಬಿದ್ದಿದ್ದ.

"ಇನ್ನೊಂದ್ಸಲ ಒತ್ತು, ಇನ್ನೊಂದ್ಸಲ!" ಹರ್ಮೀನ್ ಅವನ ಕೈ ಹಿಡಿಯಲು ಹೋದಳು.

"ಬಿಡು, ನನಗೆ ಗೊತ್ತು," ಎಂದು ಅವನು ಕೊಸರಿದ. ಅಷ್ಟರಲ್ಲಿ ರೈಲಿನ ಬಾಗಿಲು ಮುಚ್ಚಿತು. ಒಳಗೆ ಸೇರಿದ್ದ ಹನ್ನೊಂದು ಬೆಳ್ಳಿ ತಲೆಗಳು ಕಿಟಕಿಯಿಂದ ನಮ್ಮನ್ನು ನೋಡುತ್ತ ಝುಟ್‌ಫೆನ್ ಕಡೆಗೆ ಹೋದವು.

ಹರ್ಮೀನ್ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಳು. ಮೂರು ವಾರದ ಲೆಕ್ಕ ಮೂರು ನಿಮಿಷದಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಬೆರೆಂಡನ ಮುಖ ಕೆಂಪಾಗಿತ್ತು. ಈಗ ಇವನು ಮನೆ ದಾರಿ ಹಿಡಿಯುತ್ತಾನೆ ಎಂದು ನಾನು ಗಟ್ಟಿಯಾಗಿ ನಂಬಿದೆ, ಮನಸ್ಸಿನಲ್ಲೇ ಅವನಿಗೆ ಎರಡು ಬೈಗುಳವನ್ನೂ ಸಿದ್ಧ ಮಾಡಿಕೊಂಡೆ.

"ಮುಂದಿನ ರೈಲು ಎಷ್ಟೊತ್ತಿಗೆ?" ಎಂದ ಅವನು.

"ಇನ್ನು ಅರ್ಧ ಗಂಟೆಗೆ," ಎಂದಳು ಅವಳು. "ಬೇಡ ಅಂದ್ರೆ ವಾಪಸ್ ಹೋಗೋಣ ಬೆರೆಂಡ್."

"ಕೋಟು ಹಾಕ್ಕೊಂಡಾಗಿದೆ," ಎಂದು ಅವನು ಬೆಂಚು ತಡಕಿ ಕೂತ. ಸ್ವಲ್ಪ ಹೊತ್ತು ಬಿಟ್ಟು, "ಹಸಿವು. ಬ್ರೆಡ್ಡು ಕೊಡು," ಎಂದ.

"ಅದು ಹನ್ನೆರಡೂವರೆಗೆ!"

"ಇನ್ನೂ ಯಾವ ಟೈಮ್ ಟೇಬಲ್ ಇಟ್ಕೊಂಡಿದೀಯೆ ಮಾರಾಯ್ತಿ?"

ಬೆಳಿಗ್ಗೆ ಒಂಬತ್ತು ಗಂಟೆಗೆ ಮಧ್ಯಾಹ್ನದ ಬುತ್ತಿ ಬಿಚ್ಚಿದ್ದು ಹರ್ಮೀನಳ ಜೀವನದಲ್ಲಿ ಅದೇ ಮೊದಲು. ಅವಳು ಕಳ್ಳಿಯ ಹಾಗೆ ಆಚೀಚೆ ನೋಡಿಕೊಂಡು ತಿಂದಳು. ನನಗೆ ನಗು ತಡೆಯಲಾಗಲಿಲ್ಲ.

ಆಮೇಲಿನ ಪ್ರಯಾಣ ಸುಸೂತ್ರವಾಯಿತು. ಝ್ವೊಲ್ಲೆಯಲ್ಲಿ ಕಂಬದಿಂದ ಕಂಬಕ್ಕೆ ಹೋಗುವಾಗ ಹರ್ಮೀನ್ ಪುಸ್ತಕವನ್ನು ಮಂತ್ರದ ಹಾಗೆ ಗುನುಗುತ್ತಿದ್ದಳು. ಸಣ್ಣ ರೈಲು ನಮ್ಮನ್ನು ಕಾಂಪನ್‌ನಲ್ಲಿ ಇಳಿಸಿತು. ಎದುರಿಗೇ ಐಸೆಲ್ ನದಿ, ಅದರ ಮೇಲೆ ಸೇತುವೆ, ಆಚೆ ದಡದಲ್ಲಿ ಗೋಪುರಗಳ ಸಾಲು.

ಸೇತುವೆಯ ನಡುವೆ ಬೆರೆಂಡ್ ತಟ್ಟನೆ ನಿಂತ. ತಲೆ ಓರೆ ಮಾಡಿ, ಕೋಳಿ ನೋಡುವ ಹಾಗೆ ಒಂದು ಕಣ್ಣಂಚಿನಿಂದ ಮೇಲೆ ನೋಡಿದ.

"ಅದೇನು ಹೊಳೆಯೋದು?"

"ಸೇತುವೆ ಎತ್ತೋ ಚಕ್ರ. ಬಂಗಾರದ ಬಣ್ಣ ಹೊಡೆದಿದಾರೆ," ಎಂದಳು ಹರ್ಮೀನ್. "ಕಾಣ್ತಿದ್ಯಾ ನಿನಗೆ?"

"ನೇರ ನೋಡಿದ್ರೆ ಇಲ್ಲ. ಓರೆ ನೋಡಿದ್ರೆ ಇದೆ." ಅವನು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತ. "ಹಾಲು ತುಂಬ್ಕೊಂಡು ಈ ಸೇತುವೆ ಎಷ್ಟು ಸಲ ದಾಟಿದೀನೋ ಲೆಕ್ಕ ಇಲ್ಲ. ಒಂದಿನಾನೂ ತಲೆ ಎತ್ತಿಲ್ಲ ನೋಡು. ಮುಂದಿನ ಗಾಡಿ ಬೆನ್ನು, ಗಡಿಯಾರ, ಅಷ್ಟೆ."

ಊರಲ್ಲಿ ನಾವು ವಿಶೇಷವಾಗಿ ಏನೂ ಮಾಡಲಿಲ್ಲ. ಕೋಟೆಬಾಗಿಲ ಕೆಳಗೆ ನಿಂತೆವು. ತಣ್ಣಗಿನ ಇಟ್ಟಿಗೆಗಳನ್ನು ಬೆರೆಂಡ್ ಅಂಗೈಯಿಂದ ಸವರಿದ. ದಡದಲ್ಲಿ ಕಟ್ಟಿದ ಹಳೇ ಹಾಯಿದೋಣಿಗಳ ಪಕ್ಕ ಕೂತು ಕಾಫಿ ಕುಡಿದೆವು. ಯಾವುದೋ ಗಂಟೆಗೋಪುರ ಬಾರಿಸತೊಡಗಿದಾಗ ಮೂವರೂ ಮಾತು ನಿಲ್ಲಿಸಿ ಕೇಳಿದೆವು. ಮೂರೂಕಾಲಿಗೆ ಹರ್ಮೀನ್ ಎದ್ದಳು. ಪುಸ್ತಕದ ಪ್ರಕಾರ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಸ್ಟೇಷನ್ನಿನ ಕಂಬ ಮುಟ್ಟಬೇಕು. ಬೆರೆಂಡನ ನಡಿಗೆ ನಿಧಾನ. ದಾರಿಯಲ್ಲಿ ಅಂಗಡಿಯೊಂದರ ಮುಂದೆ ಚೀಸಿನ ವಾಸನೆ ಹಿಡಿದು, ಇದು ಎಷ್ಟು ತಿಂಗಳದ್ದು ಎಂದು ಒಳಗಿನವನ ಜೊತೆ ವಾದಕ್ಕಿಳಿದ. ಗೆದ್ದು ಬಂದ. ನಾವು ಸೇತುವೆಯ ಬುಡ ತಲುಪಿದಾಗ ನಾಲ್ಕಕ್ಕೆ ಏಳು ನಿಮಿಷ.

ಆಗ ಗಂಟೆ ಬಾರಿಸಿತು. ಅಡ್ಡಕೋಲು ಕೆಳಗಿಳಿಯಿತು. ನಮ್ಮ ಕಣ್ಣೆದುರಿಗೇ ಸೇತುವೆ ಮೇಲೆದ್ದಿತು.

ಮೊದಲು ಒಂದು ಹಾಯಿದೋಣಿ ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ, ಇಡೀ ಬೀದಿಯಷ್ಟು ಉದ್ದದ ಮರಳಿನ ದೋಣಿ, ಬಸುರಿ ಎಮ್ಮೆಯ ನಡಿಗೆಯಲ್ಲಿ. ಆಚೆ ದಡದ ಸ್ಟೇಷನ್ನು ಕೂಗಿದರೆ ಕೇಳುವಷ್ಟು ಹತ್ತಿರ. ಗೋಪುರ ನಾಲ್ಕು ಬಾರಿಸಿತು. ಸೇತುವೆ ಇನ್ನೂ ಮೇಲೇ ಇತ್ತು.

ಹರ್ಮೀನ್ ಪುಸ್ತಕ ಮುಚ್ಚಿದಳು. ಅವಳ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅದನ್ನು ಮರೆಸಲು ಅವಳು ಪ್ರಯತ್ನಿಸಲೂ ಇಲ್ಲ.

"ನನ್ನ ಕೈಲಾಗಲ್ಲ ಬೆರೆಂಡ್. ಬೆಳಿಗ್ಗೆ ರೈಲು ತಪ್ಪಿಸ್ದೆ, ಈಗ ಇದು. ನೀನು ನನ್ನ ಎಲ್ಲಾ ಕಡೆ ಹೇಳಿದ ಹೊತ್ತಿಗೆ ಮುಟ್ಟಿಸ್ತಿದ್ದೆ. ನನಗೆ ನಿನ್ನನ್ನ ಒಂದು ದಿನ ಮುಟ್ಟಿಸೋಕೆ ಬರ್ಲಿಲ್ಲ."

ನಾನು ನದಿಯ ಕಡೆ ತಿರುಗಿ ನಿಂತೆ. ಗಂಡ ಹೆಂಡಿರ ನಡುವೆ ಪಕ್ಕದ ಮನೆಯವಳು ಎಲ್ಲಿ ನಿಲ್ಲಬೇಕೆಂದು ನನಗೆ ಗೊತ್ತು. ಕಿವಿಯನ್ನು ಮಾತ್ರ ಅವರ ಕಡೆಗೇ ಬಿಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ.

"ಹೊತ್ತಿಗೆ ಮುಟ್ಟಿಸ್ತಿದ್ದೆ, ನಿಜ," ಎಂದ ಬೆರೆಂಡ್. "ನಿನ್ನ ಏನಾದ್ರೂ ನೋಡೋಕೆ ಬಿಟ್ಟಿದ್ನಾ? ಟೀ ಕುಡಿಯೋಕೆ ನಿಲ್ಸು ಅಂದ್ರೆ ಮುಂದಿನ ಊರು ಅಂತಿದ್ದೆ. ಮುಂದಿನ ಊರಲ್ಲೂ ನಿಲ್ಲಿಸ್ಲಿಲ್ಲ."

ಅವಳು ಮೂಗೊರೆಸಿಕೊಂಡಳು.

"ಇನ್ನು ರಿಯಾಯ್ತಿ ಎಷ್ಟೊತ್ತಿಗೆ?"

"ಆರೂವರೆಗೆ."

"ಅಂದ್ರೆ ಎರಡೂವರೆ ಗಂಟೆ ಇದೆ. ಪೂರ್ತಿ ದುಡ್ಡು ಕೊಡೋಕೆ ನಮಗೇನು ಹುಚ್ಚಾ? ಈ ದಡದಲ್ಲೇ ಮೀನು ಕರೀತಿದಾರೆ, ಆಗಿಂದ ಮೂಗಿಗೆ ಹೊಡೀತಾ ಇದೆ. ತ್ರೂಸ್, ಆ ಕಡೆ ತಿರುಗಿ ಕೇಳಿಸ್ಕೊಂಡಿದ್ದು ಸಾಕು, ಬಾ."

ನಾನು ತಿರುಗಿದಾಗ ಅವನು ಕೈ ಚಾಚಿ ಗಾಳಿಯಲ್ಲಿ ಅವಳ ತೋಳು ಹುಡುಕುತ್ತಿದ್ದ. ಅವಳು ಕೊಡುವ ಮುಂಚೆಯೇ ಹಿಡಿದುಕೊಂಡ. ಸೇತುವೆ ಅಷ್ಟರಲ್ಲಿ ಇಳಿದಿತ್ತು, ಅಡ್ಡಕೋಲು ಎದ್ದಿತ್ತು, ಜನ ಸೈಕಲ್ ತುಳಿದುಕೊಂಡು ಆಚೆ ಹೊರಟಿದ್ದರು. ನಾವು ಮೂವರು ಸೇತುವೆಗೆ ಬೆನ್ನು ಹಾಕಿ ಊರೊಳಗೆ ನಡೆದೆವು.

ಬಿಸಿ ಮೀನನ್ನು ಕಾಗದದ ದೊನ್ನೆಯಲ್ಲಿ ಹಿಡಿದು ದಡದ ಕಲ್ಲಿನ ಮೇಲೆ ಕೂತು ತಿಂದೆವು. ಬೆರೆಂಡ್ ನಡುವೆ ಕೂತಿದ್ದ. ಬೆಳ್ಳುಳ್ಳಿ ಸಾಸು ಅವನ ಮದುವೆಮನೆ ಕೋಟಿನ ಮೇಲೆ ಬಿತ್ತು, ಹರ್ಮೀನ್ ಬೈಯುತ್ತ ಒರೆಸಿದಳು. ಅವನು ಬೆರಳು ನೆಕ್ಕಿಕೊಂಡು ಕೇಳಿದ: "ಜೂನಲ್ಲಿ ಎಲ್ಲಿಗೆ?"

ಅವಳು ಒರೆಸುವ ಕೈ ನಿಲ್ಲಿಸಿದಳು. "ನಾನು ಕೇಳಬಾರ್ದು ಅಂತ ಅಲ್ವಾ ಮಾತಾಗಿದ್ದು?"

"ನೀನೆಲ್ಲಿ ಕೇಳ್ದೆ?" ಎಂದ ಬೆರೆಂಡ್. "ನಾನು ಕೇಳ್ತಿರೋದು. ನನ್ನ ಕರ್ಕೊಂಡು ಹೋಗ್ತೀಯಾ?"

ಹರ್ಮೀನ್ ಪುಸ್ತಕದ ಹೊಸ ಪುಟ ತೆರೆದು ಪೆನ್ನಿಗಾಗಿ ಚೀಲವೆಲ್ಲ ತಡಕಾಡಿದಳು. ಸಿಗಲಿಲ್ಲ. ನನ್ನದನ್ನು ಕೊಟ್ಟೆ.