ಕ್ಯಾಮೆರಾ ನನ್ನದು, ಮನೆಯೂ ನನ್ನದು

ನಾನು ಕುರುಗೋಡಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಬಳ್ಳಾರಿಯ ಪಾರ್ವತಿನಗರದಲ್ಲಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದೇನೆ. ಬೆಳಿಗ್ಗೆ ಬೀಗ ಹಾಕಿ ಬಸ್ಸು ಹತ್ತಿದರೆ ಮತ್ತೆ ಬಾಗಿಲು ತೆಗೆಯುವುದು ಸಂಜೆಗೇ. ಹಿಂದಿನ ಓಣಿಯಲ್ಲಿ ಹಾಡಹಗಲೇ ಒಂದು ಮನೆಯ ಬೀಗ ಮುರಿದಾಗ ನನಗೂ ಅಂಜಿಕೆ ಬಂತು. ಫೋನಿನಿಂದಲೇ ಅತ್ತಿತ್ತ ತಿರುಗಿಸಬಹುದಾದ ಒಂದು ಕ್ಯಾಮೆರಾ ಕೊಂಡುತಂದೆ.

ಅದನ್ನು ನಡುಮನೆಯ ಗೋಡೆಗೆ ಕೂಡಿಸಲು ಅಂಗಡಿಯವನು ಬಂದ ದಿನ ಸಿರುಗುಪ್ಪದಿಂದ ನನ್ನ ತಮ್ಮನೂ ಬಂದಿದ್ದ. ಅಲ್ಲಿ ಅವನದು ಅಕ್ಕಿ ವ್ಯಾಪಾರ. ನಾನು ಚಹಾ ಮಾಡಿ ತರುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

"ಅಣ್ಣಾರ ಫೋನ್ನಾಗ ಹಾಕೇನ್ರಿ ಮೇಡಂ. ನಿಮ್ಮ ಫೋನ್ನಾಗೂ ಕಾಣತೈತಿ, ಆದ್ರ ತಿರುಗ್ಸೋದು, ಮಾತಾಡೋದು ಅವರು," ಎಂದ ಅಂಗಡಿಯವನು, ತಮ್ಮನ ಕಡೆ ಕೈ ತೋರಿಸಿ.

ಇಷ್ಟು ವರ್ಷ ಬೀಜಗಣಿತ ಕಲಿಸಿದವಳಿಗೆ ಒಂದು ಗುಂಡಿ ಒತ್ತಲು ಬಾರದೆಂದು ಅವನು ಅಂದುಕೊಂಡದ್ದು ಚುಚ್ಚಿತು. ತಮ್ಮನ ಎದುರು ಜಗಳ ಬೇಡವೆಂದು ಸುಮ್ಮನಾದೆ. ಅದು ನನ್ನ ತಪ್ಪು.

ಮೊದಮೊದಲು ಅನುಕೂಲವೇ ಆಯಿತು. ಒಂದು ಮಧ್ಯಾಹ್ನ ನಾನು ಶಾಲೆಯಲ್ಲಿದ್ದಾಗ ತಮ್ಮ ಫೋನು ಮಾಡಿ, "ಅಕ್ಕ, ಹಿತ್ತಲ ಬಾಗ್ಲ ತೆರದೈತಿ ನೋಡು," ಎಂದ. ಪಕ್ಕದ ಮನೆಯಾಕೆಗೆ ಹೇಳಿ ಹೊರಗಿನ ಚಿಲಕ ಹಾಕಿಸಿದೆ. ಅವತ್ತು ಅವನ ಮೇಲೆ ಪ್ರೀತಿ ಉಕ್ಕಿತ್ತು, ಸುಳ್ಳು ಹೇಳಲಾರೆ.

ಆಮೇಲೆ ನಾನು ಮನೆಯಲ್ಲಿದ್ದಾಗಲೂ ಅದು ಗುರ್ರೆಂದು ಕತ್ತು ಹೊರಳಿಸತೊಡಗಿತು. ನಾನು ತಲೆ ಬಾಚಿಕೊಳ್ಳುವಾಗ, ಕಾಲು ಚಾಚಿ ಉತ್ತರಪತ್ರಿಕೆ ತಿದ್ದುವಾಗ. "ಯಾರವ್ರು ಬಂದು ಕುಂತಿದ್ದು?" ಎಂದು ತಮ್ಮ ಫೋನಿನಲ್ಲಿ ಕೇಳುವನು. ನಮ್ಮ ಶಾಲೆಯ ಗುಮಾಸ್ತರು ಎಂದು ನಾನು ಉತ್ತರ ಕೊಡುವೆ. ಬರಬರುತ್ತಾ ಅಡುಗೆಮನೆಯ ಮೂಲೆಯಲ್ಲಿ ಕೂತು ಉಣ್ಣಲು ಶುರುಮಾಡಿದ್ದೆ. ಅಲ್ಲಿಗೆ ಅದರ ಕಣ್ಣು ಬೀಳುತ್ತಿರಲಿಲ್ಲ.

ಶನಿವಾರ ಸಂಜೆ ಓಣಿಯ ಮೂವರು ಹೆಂಗಸರು ನಮ್ಮಲ್ಲಿಗೆ ಬರುತ್ತಾರೆ. ಹುಣಸೆ ಬೀಜ ಪಣಕ್ಕಿಟ್ಟು ಇಸ್ಪೀಟು ಆಡುತ್ತೇವೆ. ಒಂದು ಶನಿವಾರ ಆಟ ರಂಗೇರಿ ಎಲ್ಲರೂ ಜೋರಾಗಿ ನಗುತ್ತಿದ್ದಾಗ ಗೋಡೆಯಿಂದ ತಮ್ಮನ ದನಿ ಬಂತು.

"ಅಕ್ಕ, ಏನಿದು? ಏಳು ಗಂಟಿ ಆತು. ಅವರನ್ನ ಮನಿಗೆ ಕಳಸು."

ಪಕ್ಕದ ಮನೆಯಾಕೆ "ಅಯ್ಯೋ ದೇವುಡಾ" ಎಂದು ತಲೆಮೇಲೆ ಸೆರಗು ಎಳೆದುಕೊಂಡಳು. ಮೂವರೂ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಟವೆಲ್ ತಂದು ಕ್ಯಾಮೆರಾಕ್ಕೆ ಮುಸುಕು ಹಾಕಿದೆ. ಕೂಡಲೇ ಫೋನು ಬಂತು.

"ಟವೆಲ್ ಯಾಕ ಹಾಕೀದಿ?"

"ಮನಿ ನಂದು, ಟವೆಲ್ಲೂ ನಂದು. ಅದಕ್ಕ," ಎಂದು ಇಟ್ಟುಬಿಟ್ಟೆ.

ಸೋಮವಾರ ಅರ್ಧ ದಿನ ರಜೆ ಹಾಕಿ, ಕ್ಯಾಮೆರಾ ಕಿತ್ತುಕೊಂಡು ಅಂಗಡಿಗೆ ಹೋದೆ.

"ಅಣ್ಣಾರ ಬರಬೇಕ್ರಿ ಮೇಡಂ, ಎಲ್ಲಾ ಅವರ ಫೋನ್ನಾಗ ಐತಿ," ಎಂದ ಅಂಗಡಿಯವನು.

"ಬಿಲ್ ಯಾರ ಹೆಸರಿಗೈತಿ?"

"ನಿಮ್ಮ ಹೆಸರಿಗ್ರಿ. ಆದ್ರ ನಾಳೆ ಮನ್ಯಾಗ ಜಗಳ ಆದ್ರ ನಮ್ಮ ಮ್ಯಾಲೆ ಬರ್ತೈತಿ."

"ಜಗಳ ನಾ ಆಡ್ತೀನಿ. ನೀವು ಕೆಲಸ ಮಾಡ್ರಿ."

ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಬಂದ ಗಿರಾಕಿಗಳಿಗೆಲ್ಲ, ತರಗತಿಯ ಕೊನೆಯ ಬೆಂಚಿಗೂ ಕೇಳುವ ನನ್ನ ದನಿಯಲ್ಲಿ, ನಡೆದದ್ದನ್ನು ಹೇಳಿದೆ. ಎರಡನೆಯ ಗಿರಾಕಿ ಕೊಳ್ಳಲೆಂದು ಹಿಡಿದಿದ್ದ ಕ್ಯಾಮೆರಾ ಡಬ್ಬಿ ಕೆಳಗಿಟ್ಟು ಹೊರಟಾಗ ಅಂಗಡಿಯವನು ಎದ್ದ. ಕಂಪನಿಗೆ ಬಿಲ್ಲಿನ ಫೋಟೊ ಕಳಿಸಿ ತಮ್ಮನ ಫೋನಿನಿಂದ ಕ್ಯಾಮೆರಾ ಬಿಡಿಸಿದ. ಹೊಸ ಪಾಸ್‌ವರ್ಡನ್ನು ನಾನೇ ಒತ್ತಿದೆ. ಅವನು ಆ ಕಡೆ ಮುಖ ತಿರುಗಿಸಿ ನಿಂತಿದ್ದ.

ಭಾನುವಾರ ಸಿರುಗುಪ್ಪಕ್ಕೆ ಹೋದೆ. ಬೆನ್ನ ಹಿಂದೆ ಮಾಡಿದಳೆಂಬ ಮಾತು ಬರಬಾರದೆಂದು ಎಲ್ಲವನ್ನೂ ನಾನೇ ಹೇಳಿದೆ. ತಮ್ಮನ ಮುಖ ಕೆಂಪಾಗಿತ್ತು.

"ಹಿತ್ತಲ ಬಾಗ್ಲ ತೆರದಿದ್ದಾಗ ಯಾರು ಹೇಳಿದ್ರು ನಿನಗ?"

"ನೀನ ಹೇಳಿದಿ, ಉಪಕಾರ ಆತು. ಅದಕ್ಕ ನಾ ಜೀವನಪೂರ್ತಿ ನಿನ್ನ ಕಣ್ಣಮುಂದ ಕುಂದರಬೇಕೇನು?"

ಅಷ್ಟರಲ್ಲಿ ಅವನ ಹೆಂಡತಿ, ನನಗೆ ನೀರು ಕೊಡಲು ಬಂದವಳು, ಅಲ್ಲೇ ನಿಂತಳು. "ಅಕ್ಕ, ನಮ್ಮ ಅಡಿಗಿ ಮನ್ಯಾಗೂ ಒಂದು ಐತ್ರಿ. ಅಂಗಡ್ಯಾಗ ಕುಂತು ನನ್ನ ನೋಡ್ತಾರ," ಎಂದಳು. ದನಿ ಸಣ್ಣದಿತ್ತು, ಆದರೆ ಗಂಡನ ಎದುರೇ ಹೇಳಿದಳು. ನಾನು ಬಾಯಿ ತೆಗೆಯುವ ಮೊದಲೇ ಒಳಗೆ ಹೋಗಿ ವೈರು ಕಿತ್ತು ಆ ಕ್ಯಾಮೆರಾವನ್ನು ತಂದು ಅವನ ಮುಂದಿಟ್ಟಳು.

"ಇದನ್ನ ಗೋಡೌನಿಗೆ ಹಾಕ್ರಿ. ಅಕ್ಕಿ ಕಾಯಲಿ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನಾವಿಬ್ಬರೂ ಉಂಡೆವು.

ಎರಡು ತಿಂಗಳು ಅವನು ನನ್ನ ಹತ್ತಿರ ಮಾತು ಬಿಟ್ಟ. ನಾನು ಅತ್ತದ್ದೂ ಉಂಟು, ಅವನು ನನ್ನ ಒಬ್ಬನೇ ತಮ್ಮ. ಆದರೆ ಪಾಸ್‌ವರ್ಡ್ ಕೊಡಲಿಲ್ಲ. ಅಡುಗೆಮನೆಗೆ ಆ ಕ್ಯಾಮೆರಾ ಮರಳಲಿಲ್ಲವೆಂದು ಅವನ ಹೆಂಡತಿ ಹೇಳಿದಳು. ಈಗ ಅವನು ಬಳ್ಳಾರಿಗೆ ಬಂದರೆ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡುತ್ತಾನೆ. "ಮನ್ಯಾಗ ಅದೀಯೇನಕ್ಕ? ಬರ್ಲೇನು?" ಎಂದು ಕೇಳುತ್ತಾನೆ.

ಬಾ ಅನ್ನುತ್ತೇನೆ. ಒಂದೆರಡು ಸಲ, ಇವತ್ತು ಬ್ಯಾಡ, ಅಂತಲೂ ಅಂದಿದ್ದೇನೆ.