ಬರಿಗಾಲು ಮೇಸ್ತ್ರಿಯ ಎಡಗಾಲು

ಬರಿಗಾಲು ಮೇಸ್ತ್ರಿ ಅಂತ ಅವನಿಗೆ ಹೆಸರು ಬಿದ್ದದ್ದು ಬಡತನದಿಂದಲ್ಲ. ಒಳ್ಳೆ ಚಪ್ಪಲಿಯೇ ಇತ್ತು, ಅದನ್ನು ಮೆಟ್ಟಿಕೊಂಡು ಬೀದಿಯೆಲ್ಲ ಸುತ್ತುತ್ತಿದ್ದ. ಆದರೆ ಯಾರಾದರೂ ಕಾರು ತಂದು ಮನೆ ಪಕ್ಕದ ರಿಪೇರಿ ಶೆಡ್ಡಿನ ಮುಂದೆ ನಿಲ್ಲಿಸಿ, ‘ಗೇರು ಬೀಳ್ತಿಲ್ಲ ಮೇಸ್ತ್ರಿ’ ಅಂದರೆ ಸಾಕು, ಎಡಗಾಲಿನ ಚಪ್ಪಲಿಯನ್ನು ಶೆಡ್ಡಿನ ಬಾಗಿಲಲ್ಲೇ ಕಳಚಿ, ಕಾರಿನೊಳಗೆ ಕೂತು, ಕ್ಲಚ್ ಪೆಡಲ್ ಮೇಲೆ ಬರಿ ಅಂಗಾಲು ಇಡುತ್ತಿದ್ದ. ಬಲಗಾಲಿನ ಚಪ್ಪಲಿ ಹಾಗೇ ಇರುತ್ತಿತ್ತು. ಬಲಗಾಲಿಗೆ ಬುದ್ಧಿ ಇಲ್ಲ, ಅದು ಬರೀ ತುಳಿಯೋ ಕಾಲು ಅಂತ ಅವನ ವಾದ. ಎಡಗಾಲಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ಪ್ಲೇಟು ಸವೆದಿದೆಯೋ, ಕೇಬಲ್ಲು ಎಳೆ ಬಿಟ್ಟಿದೆಯೋ, ಬೇರಿಂಗು ಒಣಗಿದೆಯೋ, ಒತ್ತಿ ಬಿಟ್ಟು ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಹೇಳಿ ಸುಮ್ಮನಾಗೋ ಸ್ವಭಾವವೂ ಅವನದಲ್ಲ. ಆಮೇಲೆ ವಾರವೆಲ್ಲ ಸಿಕ್ಕಸಿಕ್ಕವರಿಗೆ ಅದನ್ನೇ ಕೊಚ್ಚಿಕೊಳ್ಳುತ್ತಿದ್ದ.

ಆ ಎಡ ಅಂಗಾಲು ಈಗ ಸತ್ತುಹೋಗಿತ್ತು. ಸಕ್ಕರೆ ಕಾಯಿಲೆ ಮಾಡಿದ ಕೆಲಸ. ಮೊದಮೊದಲು ಜುಮುಜುಮು ಅಂದಿತು, ಆಮೇಲೆ ಹತ್ತಿಯ ಮೇಲೆ ನಡೆದ ಹಾಗೆ ಆಯಿತು, ಆಮೇಲೆ ಏನೂ ಇಲ್ಲ. ಡಾಕ್ಟರು ಸೂಜಿಯಲ್ಲಿ ಚುಚ್ಚಿ ‘ಗೊತ್ತಾಗುತ್ತಾ?’ ಅಂದಾಗ, ಮಹಾರಾಯ ಓರೆಗಣ್ಣಲ್ಲಿ ಸೂಜಿ ನೋಡಿಕೊಂಡು ‘ಹ್ಞೂಂ, ಗೊತ್ತಾಗುತ್ತೆ’ ಅಂದಿದ್ದ. ಒಂದು ಸಂಜೆ ದಿನಸಿ ಅಂಗಡಿಯಿಂದ ಮನೆಗೆ ಒಂದೇ ಚಪ್ಪಲಿಯಲ್ಲಿ ಬಂದ. ಎಡಗಾಲಿನದು ದಾರಿಯಲ್ಲೆಲ್ಲೋ ಕಳಚಿ ಬಿದ್ದಿದ್ದು ಅವನಿಗೆ ತಿಳಿದೇ ಇರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಅವನ ಕಾಲನ್ನೇ ನೋಡಿದಳು. ‘ಬಾರು ಕಿತ್ತೋಯ್ತು, ಬಿಸಾಕಿ ಬಂದೆ’ ಅಂತ ಏನೋ ಒಂದು ತೇಲಿಸಿಬಿಟ್ಟ. ಅವಳು ‘ಹೌದಾ’ ಅಂದು ಕಾಲು ತೊಳೆಯೋಕೆ ನೀರು ತಂದಿಟ್ಟಳು.

ಕಾಲು ಹೋಯಿತು ಅಂತ ಬಾಯಿಬಿಟ್ಟು ಹೇಳಿದರೆ ಮೇಸ್ತ್ರಿಗಿರಿಯೇ ಹೋದ ಹಾಗೆ, ಅದು ಅವನ ಲೆಕ್ಕಾಚಾರ. ಹೆಸರೇ ಬರಿಗಾಲು ಮೇಸ್ತ್ರಿ ಅಂತಿರುವಾಗ ಇನ್ನೇನು ಉಳಿಯಿತು? ಅದಕ್ಕೇ ಹೊಸ ಕೆಲಸ ಹಿಡಿಯುವುದನ್ನು ಕಡಿಮೆ ಮಾಡಿದ. ಬಂದವರಿಗೆ ಸೊಂಟ ನೋವು ಅಂತಲೋ ಸಾಮಾನು ಸಿಗಲ್ಲ ಅಂತಲೋ ಹೇಳಿ ಸಾಗಹಾಕುತ್ತಿದ್ದ. ಹೀಗೇ ಮಾನ ಉಳಿಸಿಕೊಂಡು ಇದ್ದುಬಿಡಬಹುದು ಅಂದುಕೊಂಡಿದ್ದಾಗ ಭಾವಮೈದ ಕೆಂಪು ಕಾರು ತಂದು ನಿಲ್ಲಿಸಿದ.

ಭಾವಮೈದ ಅಂದರೆ ಹೆಂಡತಿಯ ತಮ್ಮ, ಮನೆಯವರೆಲ್ಲ ‘ಗಾಳಿ’ ಅಂತ ಕರೆಯುವ ಮನುಷ್ಯ. ಹರೆಯದಲ್ಲಿ ಅವನು ಇಬ್ಬರೇ ಕೂರುವ ಚಿಕ್ಕ ಕಾರು ಕೊಂಡಿದ್ದ. ಅದರ ಓಟ ಸಾಲದು ಅಂತ ಬರಿಗಾಲು ಮೇಸ್ತ್ರಿಯನ್ನು ಮನೆಗೆ ಕರೆಸಿದ. ಇಬ್ಬರೂ ಸೇರಿ ಹಳೆ ಎಂಜಿನ್ ಕಿತ್ತು, ದೊಡ್ಡ ಕಾರೊಂದರ ಎಂಜಿನ್ ತಂದು ತುರುಕಿದರು. ಮೂತಿ ಮುಚ್ಚಲಿಲ್ಲ, ಬಾನೆಟ್ ಕೊಯ್ದರು. ಎಂಜಿನ್ ಎಳೆತಕ್ಕೆ ಕ್ಲಚ್ ಜಾರಿತು, ಗಟ್ಟಿ ಸ್ಪ್ರಿಂಗಿನ ಕ್ಲಚ್ ಹಾಕಿದರು. ಪೆಡಲ್ ಎಷ್ಟು ಭಾರವಾಯಿತೆಂದರೆ ಸಂತೆ ಬೀದಿಯಲ್ಲಿ ಓಡಿಸಿ ಬಂದವನು ರಾತ್ರಿ ಕಾಲು ಒತ್ತಿಸಿಕೊಳ್ಳಬೇಕು. ಆದರೂ ಏನು ಓಟ, ಏನು ಸದ್ದು. ಬೀದಿ ತಿರುವಿನಲ್ಲಿ ಬರುವಾಗಲೇ ಅಡಿಗೆಮನೆಯ ಪಾತ್ರೆಗಳು ಗಲಗಲ ಅನ್ನುತ್ತಿದ್ದವು.

ಕಾರು ರಿಪೇರಿಯ ನೆಪದಲ್ಲಿ ಆ ಮನೆಗೆ ಹೋಗಿ ಬಂದವನು ಕೊನೆಗೆ ಗಾಳಿಯ ಅಕ್ಕನನ್ನೇ ಮದುವೆಯಾದ. ಅವಳು ಆಗ ಹಿತ್ತಲಲ್ಲಿ ಕವುಚಿ ಹಾಕಿದ ಟೈರಿನ ಮೇಲೆ ಕೂತು ಇವರ ಕೆಲಸ ನೋಡುತ್ತಿದ್ದಳು, ಎಲ್ಲದರಲ್ಲೂ ಮೂಗು ತೂರಿಸುತ್ತಿದ್ದಳು. ಒಂದು ದಿನ ‘ನಂಗೂ ಕಲಿಸ್ತೀರಾ?’ ಅಂದಳು. ಊರಾಚೆಯ ಖಾಲಿ ಮೈದಾನದಲ್ಲಿ, ಅವಳ ತಮ್ಮ ಗೇಟಿನ ಹತ್ತಿರ ಕಾವಲು ನಿಂತಿರುವಾಗ, ಮೇಸ್ತ್ರಿ ಅವಳಿಗೆ ಓಡಿಸುವುದನ್ನು ಕಲಿಸಿದ. ಎಡಗಾಲಿನ ಚಪ್ಪಲಿ ಬಿಡಿಸಿದ. ಪೆಡಲಿನ ದಾರಿಯನ್ನು ಮೂರು ಭಾಗ ಮಾಡಿ ಹೇಳಿಕೊಟ್ಟ. ‘ಮೇಲೆ ಖಾಲಿ ಜಾಗ, ಅಲ್ಲೇನೂ ಇರಲ್ಲ. ಮಧ್ಯ ಭಾರದ ಜಾಗ. ತಳದಲ್ಲಿ ಕಲ್ಲು. ಕಲ್ಲು ಸಿಕ್ಕೋವರೆಗೆ ಒತ್ತು, ಆಮೇಲೆ ಗೇರು ಹಾಕು.’ ಇನ್ನೊಂದನ್ನೂ ಹೇಳಿದ್ದ: ‘ಗೇರು ಹಠ ಮಾಡಿದ್ರೆ ಮೊದಲು ಎಂಜಿನ್ ಆಫ್ ಮಾಡಿ ಹಾಕಿ ನೋಡು. ಆಗ ಬಿದ್ರೆ ಗೇರ್‌ಬಾಕ್ಸ್ ಮೇಲೆ ತಪ್ಪು ಹೊರಿಸಬೇಡ, ಕ್ಲಚ್ ಪೂರ್ತಿ ಬಿಡ್ತಿಲ್ಲ ಅಂತರ್ಥ.’ ಅವಳು ಮೊದಲ ದಿನವೇ ಕಾರನ್ನು ಬೇಲಿಗೆ ನುಗ್ಗಿಸಿದಳು ಅನ್ನುವುದು ಬೇರೆ ಮಾತು. ಮದುವೆಯಾದ ಮೇಲೆ ಮಕ್ಕಳು ಮರಿ ಅಂತ ಆ ಕಾರಿನಲ್ಲಿ ಕೂರುವುದೇ ತಪ್ಪಿಹೋಯಿತು.

ಅದೇ ಕಾರು ಈಗ ಶೆಡ್ಡಿನ ಮುಂದೆ ಮುಖ ಸಪ್ಪೆ ಮಾಡಿಕೊಂಡು ನಿಂತಿತ್ತು.

‘ಭಾವ, ತಣ್ಣಗಿದ್ದಾಗ ಪರವಾಗಿಲ್ಲ. ಬಿಸಿ ಆದ್ಮೇಲೆ ನಿಲ್ಲಿಸಿ ಮೊದಲನೇ ಗೇರು ಹಾಕೋಕೆ ಹೋದ್ರೆ ಬೀಳಲ್ಲ. ರಿವರ್ಸ್ ಅಂತೂ ಕರಕರ ಅಂತ ಹಲ್ಲು ಕಡಿಯುತ್ತೆ,’ ಅಂದ ಗಾಳಿ. ‘ಹೋದ ತಿಂಗಳು ಕ್ಲಚ್ ಜಾರ್ತಾ ಇತ್ತು ಅಂತ ಇನ್ನೂ ಗಟ್ಟೀದು ಹಾಕಿಸಿದೆ. ಆಗಿನಿಂದ ಹೀಗೆ. ಗೇರ್‌ಬಾಕ್ಸೇ ಹೋಗಿದ್ರೆ ಹೇಳಿಬಿಡಿ. ಅದರ ಸಾಮಾನು ಎಲ್ಲೂ ಸಿಗಲ್ಲ. ಬಿಡಿ ಭಾಗಕ್ಕೆ ಅಂತ ಕೇಳೋರಿದ್ದಾರೆ, ನಾಳೆ ಬಂದು ಕೊಯ್ಕೊಂಡು ಹೋಗ್ತಾರೆ. ನಿಮ್ಮ ಕಾಲು ಏನು ಹೇಳುತ್ತೋ ಅದೇ ಕೊನೆ ಮಾತು.’

ಮೇಸ್ತ್ರಿ ಸೊಂಟ ನೋವು ಅಂತ ಹೇಳಲು ಬಾಯಿ ತೆರೆದ. ಆದರೆ ಭಾವಮೈದನ ಮುಂದೆ, ಈ ಕಾರಿನ ಮುಂದೆ, ಆ ಸುಳ್ಳು ನಾಲಿಗೆಗೆ ಬರಲಿಲ್ಲ. ಚಪ್ಪಲಿ ಕಳಚಿ ಒಳಗೆ ಕೂತ. ಒತ್ತಿದ, ಬಿಟ್ಟ, ಕಣ್ಣು ಮುಚ್ಚಿದ. ಮೊಣಕಾಲಿಗೆ ಭಾರ ಗೊತ್ತಾಯಿತು, ತೊಡೆಗೆ ಗೊತ್ತಾಯಿತು. ಅಂಗಾಲು ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ರಿವರ್ಸ್ ಹಾಕಿದ. ಕರಕರ ಅಂತು. ಎಂಥ ಹೊಸಬನೂ ಮೊದಲು ಮಾಡುವ ಪರೀಕ್ಷೆಯನ್ನು, ಎಂಜಿನ್ ಆಫ್ ಮಾಡಿ ಹಾಕಿ ನೋಡುವುದನ್ನು, ಅವನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಂಥ ಕಾಲು ಇದ್ದವನಿಗೆ ಆ ಪರೀಕ್ಷೆ ಯಾತಕ್ಕೆ ಬೇಕಿತ್ತು?

‘ಕ್ಲಚ್ ಸರಿಯಾಗಿದೆ,’ ಅಂದ. ಭಾವಮೈದನ ಮುಖ ನೋಡಲಿಲ್ಲ. ‘ಗೇರ್‌ಬಾಕ್ಸ್ ಕಣೋ.’

ಗಾಳಿ ಬಾನೆಟ್ ಮೇಲೆ ಕೈಯಾಡಿಸಿದ. ‘ಆಯ್ತು ಭಾವ. ಫೋನ್ ಮಾಡಿ ಅವರಿಗೆ ಬರೋಕೆ ಹೇಳ್ತೀನಿ,’ ಅಂದು ರಸ್ತೆ ಕಡೆ ನಡೆದ. ಕಾರು ಅಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ, ಒಂದು ಎದುರು ಮಾತು ಆಡಲಿಲ್ಲ. ಭಾವ ಹೇಳಿದ ಮೇಲೆ ಮುಗಿಯಿತು ಅಷ್ಟೆ.

ಹೆಂಡತಿ ಅಡಿಗೆಮನೆ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಕೈ ಒರೆಸಿಕೊಳ್ಳುತ್ತಾ ಶೆಡ್ಡಿಗೆ ಬಂದಳು.

‘ರೀ, ಎಂಜಿನ್ ಆಫ್ ಮಾಡಿ ಹಾಕಿ ನೋಡಿದ್ರಾ?’

‘ನಂಗೇ ಪಾಠ ಹೇಳ್ತೀಯಾ?’

‘ಪಾಠ ನಿಮ್ಮದೇ. ನಾನು ಒಪ್ಪಿಸ್ತಾ ಇದೀನಿ ಅಷ್ಟೆ.’

ಮೇಸ್ತ್ರಿ ಮುಖ ಗಂಟಿಕ್ಕಿಕೊಂಡೇ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ. ರಿವರ್ಸ್ ಹಾಕಿದ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು. ಮೊದಲನೇ ಗೇರು, ಎರಡನೇ ಗೇರು, ಎಲ್ಲವೂ ಸಲೀಸಾಗಿ ಬಿದ್ದವು. ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ. ಅವನ ಕೈ ಗೇರ್ ಕಡ್ಡಿಯ ಮೇಲೇ ಉಳಿಯಿತು. ಒಳ್ಳೇ ಕಾರನ್ನು ಕೊಯ್ಯಲು ಹೇಳಿ ಕಳಿಸಿಬಿಟ್ಟೆನಲ್ಲ ಅಂತ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಕ್ಲಚ್ಚಿನ ದೋಷ ಅಂತೇನೋ ಗೊತ್ತಾಯಿತು. ಎಲ್ಲಿ, ಏನು ಅಂತ ಹೇಳಬೇಕಾದದ್ದು ಅಂಗಾಲು. ಇನ್ನು ಮುಚ್ಚಿಟ್ಟರೆ ಕಾರು ಹೋಗುತ್ತೆ, ಹೇಳಿದರೆ ಮೇಸ್ತ್ರಿಗಿರಿ ಹೋಗುತ್ತೆ.

‘ನನ್ನ ಕಾಲು ಸತ್ತಿದೆ ಕಣೇ,’ ಅಂದ. ‘ಏನೂ ಗೊತ್ತಾಗಲ್ಲ. ಯಾರಿಗೂ ಹೇಳಿಲ್ಲ.’

‘ಗೊತ್ತು. ಒಂದೇ ಚಪ್ಪಲೀಲಿ ಮನೆಗೆ ಬಂದ್ರಲ್ಲ, ಆವತ್ತೇ ಗೊತ್ತಾಯ್ತು. ಮಾರನೇ ದಿನ ಹೋಗಿ ಹುಡುಕಿ ತಂದೆ. ಬಾರು ಕಿತ್ತಿರಲಿಲ್ಲ.’

‘ಮತ್ತೆ ಹೇಳಲೇ ಇಲ್ಲ?’

‘ನೀವಾಗಿ ಹೇಳ್ತೀರಿ ಅಂತ ಕಾದೆ. ದಿನಾ ನೀವು ಮಲಗಿದ ಮೇಲೆ ಅಂಗಾಲು ನೋಡ್ತೀನಿ, ಗಾಯ ಗೀಯ ಆಗಿದೆಯಾ ಅಂತ,’ ಅಂದಳು. ‘ಈಗ ಕೆಳಗಿಳೀರಿ. ನನ್ನ ಕಾಲು ಇನ್ನೂ ಬದುಕಿದೆ.’

ಎಡಗಾಲಿನ ಚಪ್ಪಲಿ ಕಳಚಿ, ಸೀರೆ ನೆರಿಗೆ ಒಟ್ಟು ಮಾಡಿಕೊಂಡು ಅವಳು ಕೂತಳು. ಸೀಟು ಮುಂದಕ್ಕೆ ಎಳೆದಳು. ಮೇಸ್ತ್ರಿ ಬಾಗಿಲ ಪಕ್ಕ ಮಂಡಿಯೂರಿ ಕೂತು ‘ಒತ್ತು’ ಅಂದ. ಅವಳು ಒತ್ತಿದಳು, ಅವನಂತೆಯೇ ಕಣ್ಣು ಮುಚ್ಚಿದಳು.

‘ಮೇಲೆ ಖಾಲಿ ಜಾಗ, ಸರಿಯಾಗಿದೆ. ಮಧ್ಯ ಭಾರ, ಅಯ್ಯಪ್ಪಾ, ಮೊದಲಿಗಿಂತ ಜಾಸ್ತಿ.’

‘ತಳದಲ್ಲಿ?’

ಅವಳು ಇನ್ನೊಮ್ಮೆ ಒತ್ತಿದಳು. ‘ಕಲ್ಲು ಸಿಗ್ತಿಲ್ಲ ರೀ. ಮೆತ್ತಗಿದೆ. ದಿಂಬು ಅದುಮಿದ ಹಾಗೆ.’

ಮೇಸ್ತ್ರಿ ಎದ್ದು ನಿಂತ. ಸೊಂಟ ನೋವಿನ ನೆಪದ ನೆನಪೂ ಇರಲಿಲ್ಲ. ಪೆಡಲ್ ಒತ್ತಿದಾಗ ಎಣ್ಣೆ ಪೈಪಿನಲ್ಲಿ ಹರಿದುಹೋಗಿ ಕೆಳಗೆ ಕ್ಲಚ್ಚನ್ನು ಬಿಡಿಸಬೇಕು. ತಳ ಮೆತ್ತಗಿದೆ ಅಂದರೆ ಒತ್ತಿದ ಬಲ ದಾರಿಯಲ್ಲೇ ಎಲ್ಲೋ ಪೋಲಾಗುತ್ತಿದೆ. ಒಂದೋ ಎಣ್ಣೆಯಲ್ಲಿ ಗಾಳಿಗುಳ್ಳೆ ಸೇರಿರಬೇಕು, ಇಲ್ಲವೋ ಪೈಪು ಮೆತ್ತಗಾಗಿರಬೇಕು. ಬಾನೆಟ್ ಎತ್ತಿ, ಎಂಜಿನ್ ಸಂದಿಗೆ ಕೈ ತೂರಿಸಿ, ಕ್ಲಚ್ಚಿಗೆ ಹೋಗುವ ರಬ್ಬರ್ ಪೈಪನ್ನು ಹಿಡಿದುಕೊಂಡ. ಬೆಚ್ಚಗಿತ್ತು. ಆ ಪೈಪು ತಾನೇ ಹರೆಯದಲ್ಲಿ ಹಾಕಿದ್ದು. ಭಾವಮೈದ ಗಟ್ಟಿ ಕ್ಲಚ್ ಹಾಕಿಸಿದ್ದ, ಅದರ ಒತ್ತಡ ತಾಳಬೇಕಾದ ಪೈಪು ಹಳೆಯದೇ ಉಳಿದಿತ್ತು.

‘ಒತ್ತು.’

ಅವಳು ಒತ್ತಿದಳು. ಪೈಪು ಅವನ ಅಂಗೈಯಲ್ಲಿ ಉಬ್ಬಿತು.

‘ಬಿಡು.’

ಇಳಿಯಿತು.

‘ಮತ್ತೆ ಒತ್ತು,’ ಅಂದ. ಸಾಕಾಗಿತ್ತು, ದೋಷ ಸಿಕ್ಕಿಬಿಟ್ಟಿತ್ತು, ಆದರೂ ಅಂದ. ಅವಳ ಕಾಲಿನ ಒತ್ತು ಅವನ ಕೈಗೆ ಬರುತ್ತಿತ್ತು. ಎಷ್ಟೋ ತಿಂಗಳಾದ ಮೇಲೆ ಮೊದಲ ಸಲ ಒಂದು ಕ್ಲಚ್ಚು ಅವನಿಗೆ ತಿಳಿಯಿತು. ಬಾನೆಟ್ ಮರೆಯಲ್ಲಿ ನಿಂತು ಕಣ್ಣು ಒರೆಸಿಕೊಂಡ, ಮುಖಕ್ಕೆಲ್ಲ ಮಸಿ ಮೆತ್ತಿಕೊಂಡಿತು.

ಗಾಳಿ ಫೋನು ಮುಗಿಸಿ ವಾಪಸ್ ಬಂದಾಗ ಅಕ್ಕ ಡ್ರೈವರ್ ಸೀಟಿನಲ್ಲಿದ್ದಳು.

‘ಅವರಿಗೆ ಬರಬೇಡಿ ಅಂತ ಹೇಳು,’ ಅಂದ ಮೇಸ್ತ್ರಿ. ‘ಗೇರ್‌ಬಾಕ್ಸ್ ಗುಂಡುಕಲ್ಲಿನ ಹಾಗಿದೆ. ನಾನು ಹೇಳಿದ್ದು ತಪ್ಪು. ಪೈಪು ಉಬ್ತಾ ಇದೆ, ದೋಷ ಕಂಡುಹಿಡಿದವಳು ನಿಮ್ಮಕ್ಕ. ನನ್ನ ಎಡಗಾಲಿಗೆ ಈಗ ಏನೂ ತಿಳಿಯಲ್ಲ ಕಣೋ. ಇನ್ಮೇಲೆ ಯಾರಾದ್ರೂ ಬರಿಗಾಲು ಮೇಸ್ತ್ರಿ ಎಲ್ಲಿ ಅಂತ ಕೇಳಿದ್ರೆ ಅಡಿಗೆಮನೆ ತೋರಿಸು.’

ಗಾಳಿ ಅಕ್ಕನ ಮುಖ ನೋಡಿದ, ಭಾವನ ಮಸಿ ಮುಖ ನೋಡಿದ. ಮತ್ತೆ ಫೋನು ತೆಗೆದು ಅವರಿಗೆ ಬರೋದು ಬೇಡ ಅಂದು, ಹೊಸ ಪೈಪು ತರಲು ಹೊರಟುಹೋದ.

ಉಕ್ಕಿನ ತಂತಿ ಹೆಣೆದ ಹೊಸ ಪೈಪು ಹಾಕಿ, ಎಣ್ಣೆ ತುಂಬಿಸಿ, ಒಳಗಿನ ಗಾಳಿಗುಳ್ಳೆ ಹೊರಗೆ ತೆಗೆಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಹೆಂಡತಿ ಮತ್ತೆ ಒತ್ತಿ ನೋಡಿ ‘ಕಲ್ಲು ಸಿಕ್ತು’ ಅಂದಳು. ಅವಳೇ ಓಡಿಸಲಿ ಅಂತ ಆಯಿತು. ಮೇಸ್ತ್ರಿ ಆ ಕಾರಿನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದದ್ದು ಅವಳಿಗೆ ಕಲಿಸಿದ ದಿನಗಳಲ್ಲಿ ಮಾತ್ರ. ಹತ್ತುವ ಮೊದಲು ಅಭ್ಯಾಸ ಬಲದಿಂದ ಎಡಗಾಲಿನ ಚಪ್ಪಲಿ ಕಳಚಲು ಹೋದ.

‘ಹಾಕ್ಕೊಳ್ಳಿ,’ ಅಂದಳು. ‘ಮೊಳೆ ಚುಚ್ಚಿದ್ರೂ ನಿಮಗೆ ಗೊತ್ತಾಗಲ್ಲ.’

ಅವನು ಬಗ್ಗಿ, ಕಾಲು ಒಳಗೆ ಸರಿಯಾಗಿ ಸೇರಿದೆಯೋ ಇಲ್ಲವೋ ಅಂತ ಕೈಯಿಂದ ಮುಟ್ಟಿ ನೋಡಿ, ಚಪ್ಪಲಿ ಹಾಕಿಕೊಂಡ. ಅವಳ ಎಡಗಾಲಿನ ಚಪ್ಪಲಿ ಶೆಡ್ಡಿನ ಬಾಗಿಲಲ್ಲಿ, ಅವನು ಯಾವಾಗಲೂ ಬಿಡುತ್ತಿದ್ದ ಜಾಗದಲ್ಲಿ ಬಿದ್ದಿತ್ತು. ಅವಳು ಕಲ್ಲು ಸಿಗುವವರೆಗೆ ಒತ್ತಿ ಮೊದಲನೇ ಗೇರು ಹಾಕಿದಳು.