ಅಪ್ಪ ಹೇಳಿದ ಸಾಕ್ಷಿ

ಬಸ್ಸಿನ ಗಾಜು ಒಡೆದವನು ನಾನೇ. ಈಗ ಹೇಳಿದರೆ ಯಾರೂ ಹಿಡಿದುಕೊಂಡು ಹೋಗುವುದಿಲ್ಲ, ಹಾಗಾಗಿ ಇದರಲ್ಲಿ ದೊಡ್ಡ ಧೈರ್ಯವೇನೂ ಇಲ್ಲ. ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲವಲ್ಲ ಎಂಬುದೇ ಸಂಕಟ.

ಸೂಪಾದಲ್ಲಿ ಅಣೆಕಟ್ಟಿನ ಕೆಲಸ ನಡೆದಿದ್ದ ವರ್ಷಗಳು ಅವು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ಬಸ್ಸುಗಳು ಕೆಲಸಗಾರರಿಂದ ತುಂಬಿ ಬರುತ್ತಿದ್ದವು. ನಮ್ಮೂರ ಕ್ರಾಸಿನಲ್ಲಿ ನಿಲ್ಲಿಸುವುದು ಬಿಡುವುದು ಡ್ರೈವರನ ಮರ್ಜಿ. ಆ ದಿನ ಗೆಳೆಯನೊಬ್ಬ ಹೊಸ ಎತ್ತಿನ ಜೋಡಿ ತಂದ ಖುಷಿಗೆ ನಮ್ಮನ್ನು ಸಾರಾಯಿ ಅಂಗಡಿಗೆ ಕರೆದೊಯ್ದಿದ್ದ. ಮಧ್ಯಾಹ್ನದ ಬಿಸಿಲು, ಹೊಟ್ಟೆಯಲ್ಲಿ ಅನ್ನವಿಲ್ಲ, ಮೇಲೆ ದಾಂಡೇಲಿಗೆ ಹೋಗಿ ಸಿನಿಮಾ ನೋಡುವ ಹುಕಿ ಬೇರೆ. ಕೈ ಮಾಡಿದೆ. ಬಸ್ಸು ನಿಲ್ಲಲಿಲ್ಲ.

“ನಿನ್ನ ಮಾರಿ ನೋಡೇ ಜೋರ್ ಹೊಡದ ನೋಡ ಅಂವ,” ಎಂದು ಗೆಳೆಯರು ನಕ್ಕರು.

ಆಗ ನನಗೆ ಇಪ್ಪತ್ತಮೂರು ವರ್ಷ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ರಸ್ತೆ ರಿಪೇರಿಗೆಂದು ಸುರಿದಿದ್ದ ರಾಶಿಯಿಂದ ಒಂದು ಕಲ್ಲು ಎತ್ತಿ ಬೀಸಿದೆ. ಹಿಂದಿನ ಗಾಜು ಪುಡಿಪುಡಿಯಾಯಿತು, ಬಸ್ಸು ನಿಂತಿತು. ಗೆಳೆಯರು ಬೇಲಿ ಹಾರಿ ಓಡಿದರು, ನನಗೆ ಕಾಲೇ ಏಳಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬಳ ಮುಂಗೈಗೆ ಗಾಜು ಗೀರಿ ರಕ್ತ ಬಂದಿತ್ತು. ಅವಳು ಬೈಯಲಿಲ್ಲ. ಸೆರಗಿನಿಂದ ಕೈ ಒತ್ತಿಕೊಂಡು ಕೆಳಗಿಳಿದು ನಿಂತಳು.

“ಯಾರು ಒಗದದ್ದು?” ಎಂದ ಕಂಡಕ್ಟರ.

“ಯಾರೋ ಓಡಿ ಹೋದ್ರು,” ಎಂದೆ.

ರಸ್ತೆಯ ಮಗ್ಗುಲಿಗೇ ನಮ್ಮ ಗದ್ದೆ. ಅಪ್ಪ ಅಲ್ಲಿ ಬದು ಕಟ್ಟುತ್ತಿದ್ದವನು ಸಲಿಕೆ ಹಿಡಿದುಕೊಂಡೇ ಮೇಲೆ ಬಂದ. “ಒಗದಾಂವ ಇಂವನ ರೀ. ನಾನ ಕಣ್ಣಾರೆ ನೋಡೇನಿ. ನನ್ನ ಮಗ. ಕುಡದಾನ,” ಎಂದ. ಬಸ್ಸು ಹಳಿಯಾಳದ ಕಡೆ ತಿರುಗಿತು. ಠಾಣೆ ಬರುವವರೆಗೂ ಅಪ್ಪ ನನ್ನ ರಟ್ಟೆ ಹಿಡಿದು ನಿಂತಿದ್ದ. ಅಲ್ಲಿ ಹವಾಲ್ದಾರರ ಮುಂದೆ ಎಲ್ಲವನ್ನೂ ಹೇಳಿದ, ಮರುದಿನ ಕ್ರಾಸಿನಲ್ಲಿ ಬರೆದ ಪಂಚನಾಮೆಗೂ ಸಹಿ ಹಾಕಿದ.

ಅವನು ಹಾಗೆಯೇ ಇದ್ದ. ನಮ್ಮ ಊರಲ್ಲೂ ಸುತ್ತಲಿನ ಊರುಗಳಲ್ಲೂ ಬದುವಿನ ತಂಟೆಯಾಗಲಿ, ಅಣ್ಣತಮ್ಮಂದಿರ ಪಾಲಾಗಲಿ, ಅಪ್ಪನನ್ನು ಕರೆಯುತ್ತಿದ್ದರು. ಅವನು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದ, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅದರ ಬಗ್ಗೆ ನನಗೂ ಹೆಮ್ಮೆಯಿತ್ತು, ನನ್ನ ಬುಡಕ್ಕೆ ಬರುವ ತನಕ. ಜಾಮೀನಿನ ಮೇಲೆ ಮನೆಗೆ ಬಂದವನು ಅಪ್ಪನ ಜೊತೆ ಮಾತು ಬಿಟ್ಟೆ. ಹೆತ್ತ ಮಗನನ್ನು ಠಾಣೆಗೆ ಒಪ್ಪಿಸಿದ ಈ ಮನುಷ್ಯನಿಗೆ ಕರುಳೇ ಇಲ್ಲ ಎಂದುಕೊಂಡೆ. ಎಂಥ ಮೂರ್ಖ ನಾನು!

ಒಂದೂವರೆ ವರ್ಷ ತಾರೀಖಿನ ಮೇಲೆ ತಾರೀಖು. ಅಷ್ಟರಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಕೆಲಸಕ್ಕೆ ನನ್ನ ಹೆಸರು ಬಂತು. ನಮ್ಮ ಮನೆತನದಲ್ಲಿ ಅದೇ ಮೊದಲ ಸರಕಾರಿ ನೌಕರಿ. ಅವ್ವ ಕಂಡಕಂಡವರಿಗೆಲ್ಲ ಸಕ್ಕರೆ ಕೊಟ್ಟಳು. ನಾನು ವಕೀಲರ ಹತ್ತಿರ ಓಡಿದೆ.

“ತಪ್ಪು ಒಪ್ಪಿಕೊಂಡ್ರ ಸಣ್ಣ ದಂಡ ಹಾಕಿ ಬಿಡ್ತಾರ,” ಎಂದರು ಅವರು. “ಆದ್ರ ಶಿಕ್ಷಾ ಆದಂಗ ಆತು. ನೌಕರಿ ಮರತುಬಿಡು. ನೀ ಒಗಿಯೂದನ್ನ ಬಸ್ಸಿನವರು ಯಾರೂ ನೋಡಿಲ್ಲ. ನೋಡೇನಿ ಅಂದಾವ್ರು ನಿಮ್ಮಪ್ಪ ಒಬ್ರ. ಖಾಲಿ ಕಾಗದದ ಮ್ಯಾಲ ಸಹಿ ಮಾಡೇನಿ, ನಾ ಏನೂ ನೋಡಿಲ್ಲ ಅಂತ ಅವ್ರು ಅಂದ್ರ ಸಾಕು, ನೀ ಪಾರು.”

ಅವ್ವ ಅಪ್ಪನಿಗೆ ಹೇಳಿ ನೋಡಿದಳು, ಅತ್ತು ನೋಡಿದಳು. ಅಪ್ಪ ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟು ಏಳುತ್ತಿದ್ದ. ಕೊನೆಗೆ ಒಂದು ಮುಂಜಾನೆ ಅವನು ಎತ್ತಿಗೆ ನೀರು ಕುಡಿಸುತ್ತಿದ್ದಾಗ ಹಿಂದಿನಿಂದ ಹೋಗಿ ಅಂದೆ:

“ಒಳಗ ಹಾಕಿದಾಂವ ನೀನ. ಹೊರಗ ತಗಿಯಾಂವನೂ ನೀನ.”

ಒಂದೂವರೆ ವರ್ಷದ ಮೇಲೆ ನಾನು ಅಪ್ಪನೊಂದಿಗೆ ಆಡಿದ ಮೊದಲ ಮಾತು ಅದು. ಅವನು ತಿರುಗಿ ನೋಡಲಿಲ್ಲ. “ಆತು,” ಎಂದ.

ಕೋರ್ಟಿಗೆ ಒಗೆದ ಧೋತರ ಉಟ್ಟು ರುಮಾಲು ಸುತ್ತಿಕೊಂಡು ಬಂದ. ಕಟಕಟೆಯಲ್ಲಿ ನಿಂತು, ದೇವರ ಮೇಲೆ ಆಣೆ ಮಾಡಿ ಸತ್ಯವನ್ನೇ ಹೇಳುತ್ತೇನೆ ಎಂಬಷ್ಟನ್ನು ಗಟ್ಟಿ ದನಿಯಲ್ಲಿ ಹೇಳಿದ. ಆಮೇಲಿನ ದನಿ ಅವನದಾಗಿರಲಿಲ್ಲ.

“ನಾ ಏನೂ ನೋಡಿಲ್ಲರಿ.”

ಸರಕಾರಿ ವಕೀಲರು ಪಂಚನಾಮೆ ಮುಂದೆ ಹಿಡಿದರು. “ಈ ಸಹಿ ನಿಮ್ಮದ ಹೌದಲ್ಲ?”

“ಹೌದ್ರಿ. ಖಾಲಿ ಕಾಗದ ಇತ್ತರಿ.”

“ಮಗನ್ನ ಉಳಸಾಕ ಸುಳ್ಳ ಹೇಳಾಕತ್ತೀರಿ.”

ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ‘ನಾನೇ ಒಡೆದದ್ದು ಸಾಹೇಬರೇ, ಅವನನ್ನು ಬಿಟ್ಟುಬಿಡಿ’ ಎಂದು ನಾನು ಆಗ ಕೂಗಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಂದಿರಲಿಲ್ಲ. ಗಾರ್ಡ್ ಕೆಲಸವೊಂದೇ ತಲೆಯಲ್ಲಿತ್ತು.

“ಇಲ್ರಿ,” ಎಂದ ಅಪ್ಪ.

ನಾನು ಖುಲಾಸೆಯಾದೆ. ಹೊರಗೆ ಬೆಂಚಿನ ಮೇಲೆ ಆ ಮುಂಗೈ ಗೀರಿದ ಹೆಂಗಸು ಕೂತಿದ್ದಳು. ಅವಳೂ ಸಾಕ್ಷಿಗೆ ಬಂದಿದ್ದಳು, ಕಲ್ಲು ಒಗೆದವರನ್ನು ನೋಡಿಲ್ಲ ಎಂಬ ನಿಜವನ್ನೇ ಹೇಳಿದ್ದಳು. ಅಪ್ಪನನ್ನು ಕಂಡು ಎದ್ದು ನಿಂತಳು.

“ಯಜಮಾನ್ರ, ಇಂಥಾವ್ರೂ ಅದಾರ ನೋಡ್ರಿ ಅಂತ ನಿಮ್ಮ ಸುದ್ದಿ ನಮ್ಮೂರಾಗೆಲ್ಲಾ ಹೇಳಿದ್ನಿರಿ,” ಎಂದಳು. ಹೀಯಾಳಿಸಿದ್ದಲ್ಲ. ನಿಜವಾಗಿ ನೊಂದು ಹೇಳಿದ್ದು.

ಅಪ್ಪ ಅಂಗಳದ ನಳದ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದ. ಮತ್ತೆ ಮುಕ್ಕಳಿಸಿದ. ವಕೀಲರು ನನ್ನ ಬೆನ್ನು ತಟ್ಟುತ್ತಿದ್ದರು.

ನಾನು ಖಾಕಿ ತೊಟ್ಟು ಅನಮೋಡದ ಕಡೆ ಕೆಲಸಕ್ಕೆ ಹೋದೆ. ಕುಡಿತವನ್ನು ಆವತ್ತೇ ಬಿಟ್ಟಿದ್ದೆ. ಅದೇನು ದೊಡ್ಡ ಸಾಧನೆಯಲ್ಲ. ಆಮೇಲೆ ಯಾರು ಕರೆಯಲು ಬಂದರೂ ಅಪ್ಪ, “ಬ್ಯಾರೆ ಯಾರನ್ನರ ಕರೀರಿ. ನನ್ನ ಮಾತಿಗೆ ಕಿಮ್ಮತ್ತಿಲ್ಲ,” ಎಂದು ಕೈ ಮುಗಿದು ಕಳಿಸುತ್ತಿದ್ದ ಎಂದು ಅವ್ವ ಹೇಳಿದಳು. ವರ್ಷವೂ ತಪ್ಪದೆ ಚಕ್ಕಡಿ ಕಟ್ಟಿಕೊಂಡು ಉಳವಿಯ ಜಾತ್ರೆಗೆ ಹೋಗುತ್ತಿದ್ದವನು, ಆ ವರ್ಷ ಊರವರ ಚಕ್ಕಡಿಗಳ ಗಾಲಿಗೆ ಎಣ್ಣೆ ಹಾಕಿಕೊಟ್ಟು ಮನೆಯಲ್ಲೇ ಉಳಿದ. ಮುಂದಿನ ವರ್ಷಗಳಲ್ಲೂ ಹೋಗಲಿಲ್ಲ. ನನ್ನನ್ನು ಒಂದು ಮಾತು ಬೈಯಲಿಲ್ಲ. ರಜೆಗೆ ಬಂದಾಗ ಬಾ ಎನ್ನುತ್ತಿದ್ದ, ಉಂಡೆಯಾ ಎನ್ನುತ್ತಿದ್ದ. ಕ್ಷಮಿಸು ಎನ್ನಲು ಪ್ರತಿ ಸಲ ಬಾಯಿ ತೆರೆದು ಎತ್ತಿನ ಸುದ್ದಿ, ಮಳೆಯ ಸುದ್ದಿ ಮಾತಾಡಿ ಹೊರಟುಬಿಡುತ್ತಿದ್ದೆ.

ಹನ್ನೆರಡು ವರ್ಷ ಹೀಗೇ ಹೋಯಿತು. ಅಪ್ಪ ಹಾಸಿಗೆ ಹಿಡಿದ, ಗುರುತು ಸಿಗುವುದು ತಪ್ಪಿತು ಎಂದು ಕಾಗದ ಬಂದಾಗ ಡ್ಯೂಟಿಯ ಬಟ್ಟೆಯಲ್ಲೇ ಬಸ್ಸು ಹತ್ತಿ ಬಂದೆ. ಪಡಸಾಲೆಗೆ ಕಾಲಿಟ್ಟೆ. ಖಾಕಿ ಕಂಡದ್ದೇ ಅವನು ಗೋಡೆ ಹಿಡಿದು ಏಳಲು ನೋಡಿದ, ಆಗಲಿಲ್ಲ, ಕೂತಲ್ಲೇ ಎರಡೂ ಕೈ ಮುಗಿದ.

“ನಾ ಏನೂ ನೋಡಿಲ್ಲರಿ ಸಾಹೇಬ್ರ. ಖಾಲಿ ಕಾಗದ ಇತ್ತರಿ.”

ನಾನು ಅವನ ಕಾಲ ಬಳಿ ಕುಸಿದು ಕೂತೆ. “ಅಪ್ಪಾ, ನಾ ನಿನ್ನ ಮಗಾ. ಗಾಜ ಒಡದಾಂವ ನಾನ. ನೀ ನೋಡಿದ್ದಿ, ಖರೇನೂ ಹೇಳಿದ್ದಿ. ನನ್ನಿಂದ ತಪ್ಪಾತಪ್ಪಾ,” ಎಂದು ಅತ್ತೆ.

ಅವನು ನನ್ನ ಮುಖವನ್ನು ದಿಟ್ಟಿಸಿದ. ಗುರುತು ಸಿಗಲಿಲ್ಲ. ಅಂಗಿಯ ತೋಳು ಹಿಡಿದು ನನ್ನನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಹೇಳಿದ:

“ಒಗದಾಂವ ಅವನ ರೀ ಸಾಹೇಬ್ರ, ನಾ ನೋಡೇನಿ. ಆದ್ರ ಬರಕೋಬ್ಯಾಡ್ರಿ. ಹುಡುಗಗ ನೌಕರಿ ಬರೂದೈತಿ.”